ಹಿತ್ತಾಳೆ ಪಂಪು

ಸಕಲೇಶಪುರದ ಆಸ್ಪತ್ರೆಯ ಹಿಂದಿನ ಗೋದಾಮಿನಲ್ಲಿ
ಹರಾಜಿನ ಸಾಮಾನು ಪಟ್ಟಿ ಮಾಡುತ್ತಿದ್ದೆ:
ತುಕ್ಕು ಮಂಚ ಹನ್ನೊಂದು, ಕಾಲಿಲ್ಲದ ಸ್ಟೂಲು ಮೂರು,
ಹಿತ್ತಾಳೆ ಪಂಪು ಒಂದು.
ಅದರ ಹಿಡಿಯ ಮೇಲೆ ಮೊಳೆಯಲ್ಲಿ ಗೀಚಿದ ಹೆಸರು:
ದಸ್ತಗೀರ್.

ಬರೆಯುವುದು ನಿಲ್ಲಿಸಿದೆ.
ಈ ಪಂಪು ನಮ್ಮ ಮನೆಗೆ ಬಂದಿತ್ತು,
ನಾನು ತೊಟ್ಟಿಲಲ್ಲಿದ್ದಾಗ.

ಆಗ ಹೆತ್ತೂರು ಕಡೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲವಂತೆ.
ಬಯಲಿನಿಂದ ಬಂದವರು ಬಿಸಿಲಿರುವಾಗಲೇ
ಗಾಡಿ ತಿರುಗಿಸುತ್ತಿದ್ದರಂತೆ.
ದಿನ ಬಿಟ್ಟು ದಿನ ನಡುಗಿಸುವ ಜ್ವರ,
ಮಕ್ಕಳ ಎಡಪಕ್ಕೆಯಡಿ ತೆಂಗಿನಕಾಯಿಯಂಥ ಗಡ್ಡೆ,
ಅಂಚೆ ಕಚೇರಿಯಲ್ಲಿ ಪೊಟ್ಟಣ ಕಟ್ಟಿ ಮಾರುವ ಕಹಿ ಪುಡಿ.
ನನಗಿಂತ ಮೊದಲು ಅವ್ವ ಹೆತ್ತ ಮೂವರ ಹೆಸರು
ನನಗೆ ಗೊತ್ತು. ಮುಖ ಅವ್ವನಿಗೂ ಮರೆತಿತ್ತು.

ಎಲ್ಲೋ ಸಮುದ್ರದಾಚೆ, ತಣ್ಣನೆ ದೇಶದಲ್ಲಿ,
ಗಾಜಿನ ಪೆಟ್ಟಿಗೆಯೊಳಗೆ ನೊಣ ಉರುಳುವುದನ್ನು
ವರ್ಷಗಟ್ಟಲೆ ನೋಡುತ್ತ ಕೂತಿದ್ದನಂತೆ ಒಬ್ಬ.
ಅವನ ಪೆಟ್ಟಿಗೆಯಿಂದ ನಮ್ಮ ತೊಟ್ಟಿಲ ತನಕ
ನಡೆದು ಬಂದವನು ದಸ್ತಗೀರ್:
ಹೆಗಲಿಗೆ ಪಂಪು, ಚೀಲದಲ್ಲಿ ಡೀಡೀಟಿ,
ಬರಿಗಾಲಿಗೆ ಕಚ್ಚಿಕೊಂಡ ಇಂಬಳ.
ಪುಡಿಯನ್ನು ಮೊಣಕೈ ತನಕ ಮುಳುಗಿಸಿ ಕಲಸುತ್ತಿದ್ದ.
ಸಂತೆಯಲ್ಲಿ ಅವನಿಗೆ ಕಾಸು ಕೇಳದೆ ಬೆಲ್ಲ ಕೊಡುತ್ತಿದ್ದರು,
ಪಕ್ಕ ಕೂರುತ್ತಿರಲಿಲ್ಲ.

ಗೋಡೆ, ಮಾಡು, ತೊಟ್ಟಿಲ ಅಡಿ.
“ದ್ಯಾವ್ರ ಕ್ವಾಣೆ ಬ್ಯಾಡ ಕಣಪ್ಪ” ಅಂದಳಂತೆ ಅಜ್ಜಿ.
“ಸೊಳ್ಳೆಗೆ ಮಡಿ ಗೊತ್ತಿಲ್ಲ ಕಣಜ್ಜಿ” ಅಂದನಂತೆ.
ಹೊರಡುವಾಗ ಬಾಗಿಲ ಪಕ್ಕ ಕೆಮ್ಮಣ್ಣಲ್ಲಿ ತಾರೀಕು ಬರೆದ.
ನಮ್ಮ ಮನೆಯಲ್ಲಿ ಯಾರಾದರೂ ಬರೆದದ್ದು
ಅದೇ ಮೊದಲು.

ಪಕ್ಕದ ಮನೆ ದೇವೀರಮ್ಮನಿಗೆ ಆ ವಾಸನೆ ಆಗಿಬರಲಿಲ್ಲ.
ಅವನು ತಿರುವು ದಾಟಿದ್ದೇ
ಸಗಣಿ ಕಲಸಿ ಗೋಡೆಯನ್ನೆಲ್ಲ ಸಾರಿಸಿದಳು,
ತಾರೀಕನ್ನೂ.

ನಮ್ಮ ಬೆಕ್ಕು ಒಲೆ ಪಕ್ಕ ಸೆಟೆದು ಬಿತ್ತು.
ಗೋಡೆ ತೂತಿನ ಜೇನು ಉದುರಿತು, ಹೊಟ್ಟಿನ ಹಾಗೆ.
ನಾನು ಉಳಿದೆ.
ದೇವೀರಮ್ಮನ ಬೆಕ್ಕು ಉಳಿಯಿತು.
ಅವಳ ಹುಡುಗ ಆ ಮಳೆಗಾಲ ದಾಟಲಿಲ್ಲ.

ಹೀಗೆ ಹೇಳಿದರೆ ಲೆಕ್ಕ ತಾಳೆಯಾದಂತೆ ಕಾಣುತ್ತದೆ.
ಆಗಲಿಲ್ಲ.
ನಮ್ಮ ಅಟ್ಟದಲ್ಲಿ ಇಲಿ ಹೆಚ್ಚಿ
ಬಿತ್ತನೆ ಭತ್ತಕ್ಕೆ ಬಾಯಿ ಹಾಕಿದಾಗ
ಸೆರಗಲ್ಲಿ ಬೆಕ್ಕಿನ ಮರಿ ಕಟ್ಟಿಕೊಂಡು ಬಂದವಳು ಅವಳೇ.
ತೊಟ್ಟಿಲ ಕಡೆ ನೋಡಲಿಲ್ಲವಂತೆ.
ಮರಿ ಹಾಲು ಕುಡಿಯುವ ತನಕ ಕೂತಿದ್ದು ಹೋದಳಂತೆ.
ಮರುವರ್ಷ ದಸ್ತಗೀರ್ ಬಂದಾಗ
ಪುಡಿ ಕಲಸಲು ಅವಳೇ ನೀರು ಸೇದಿಕೊಟ್ಟಳು.
ಅವನು ಏನೂ ಕೇಳಲಿಲ್ಲ.

ಜ್ವರ ಹೋಯಿತು. ಹೆಣ್ಣು ಕೊಟ್ಟರು. ಶಾಲೆಗೆ ಹೆಂಚು ಬಂತು.
ಬಂದವರು ರಾತ್ರಿ ಉಳಿದರು, ಆಮೇಲೆ ಉಳಿದೇಬಿಟ್ಟರು.
ಗರಗಸ ಬಂತು, ಲಾರಿ ಬಂತು.
ಆಗ ತಿಳಿಯಿತು, ಇಷ್ಟು ಕಾಲ ಆ ಕಾಡಿಗೆ
ಕಾವಲಿದ್ದದ್ದು ಗಾರ್ಡೂ ಅಲ್ಲ, ದೆವ್ವವೂ ಅಲ್ಲ,
ಸೊಳ್ಳೆ.
ನಾವೂ ಸುಮ್ಮನಿರಲಿಲ್ಲ. ಕದ್ದಿಟ್ಟ ಪುಡಿಯನ್ನು
ಹಳ್ಳಕ್ಕೆ ಸುರಿದು ಮೀನು ಬಾಚಿದೆವು,
ಹೇನಿಗೆಂದು ಮಕ್ಕಳ ತಲೆಗೆ ತಿಕ್ಕಿದೆವು.
ತಿಕ್ಕಿಸಿಕೊಂಡವಳು ನಾನು.
ಎಷ್ಟು ಚೆನ್ನಾಗಿ ನಿದ್ದೆ ಬಂತು ಅವತ್ತು!
ಈಗ ಆಲೂರಿನ ಜೋಳದ ಹೊಲದಲ್ಲಿ ಆನೆ ನಿಲ್ಲುತ್ತದೆ,
ದಾರಿ ಮರೆತು ಅಲ್ಲ,
ದಾರಿಯೇ ಇಲ್ಲದೆ.

“ಏನ್ ಮೇಡಂ, ಕೊಡ್ತೀರೋ ಇಲ್ವೋ” ಅಂದ ಗುಜರಿಯವನು.
ತಕ್ಕಡಿಗೆ ಹಾಕಿದ: ಎರಡು ಕಿಲೋ ಎಂಟುನೂರು.
ಕಿವಿ ಹತ್ತಿರ ಹಿಡಿದು ಅಲುಗಿಸಿದ.
ಒಳಗೆ ಏನೋ ಒಣಗಿದ್ದು ಸದ್ದು ಮಾಡಿತು.
ಉಣ್ಣುವ ಮುಂಚೆ ಕೈ ತೊಳ್ಕೊ ಅಂದೆ.

ಆ ಹಿಡಿಯನ್ನಾದರೂ ಬಿಚ್ಚಿ ಇಟ್ಟುಕೊಳ್ಳಬಹುದಿತ್ತು.
ರಶೀದಿ ಬರೆದೆ.
ತಾರೀಕು ಹಾಕಿದೆ.