ಒಂದೂವರೆ ಕೇಜಿ

ರಾತ್ರಿ ಮೂರೂಕಾಲಿಗೆ ಫೋನು:
ಫ್ಲೆಮಿಂಗ್ಟನ್ ರಸ್ತೆಯ ಹೋಟೆಲಿನಲ್ಲಿ
ಎರಡನೇ ಲಿಫ್ಟು ಯಾರೂ ಕರೆಯದೆ
ಏರುತ್ತಿದೆಯಂತೆ, ಇಳಿಯುತ್ತಿದೆಯಂತೆ, ಮತ್ತೆ ಏರುತ್ತಿದೆಯಂತೆ.
ಏಳನೇ ಮಹಡಿಯ ಗಿರಾಕಿಗೆ ನಿದ್ದೆಯಿಲ್ಲ.
ರಿಲೇ ಸುಟ್ಟಿರಬೇಕೆಂದು ಗೊಣಗುತ್ತ
ಚೀಲ ಹೆಗಲಿಗೇರಿಸಿ ಹೊರಟೆ.
ಮೆಲ್ಬರ್ನಿನ ನವೆಂಬರ್ ಗಾಳಿ, ಟ್ರಾಮಿಲ್ಲದ ಹಳಿ.

ಬಾಗಿಲು ತೆರೆಯಿತು. ಲಿಫ್ಟಿಗೇನೂ ಆಗಿರಲಿಲ್ಲ.
ಒಳಗೊಬ್ಬಳು ಹುಡುಗಿ, ಬರಿಗಾಲು,
ಬೆವರಲೆಂದು ಮೂರು ಸ್ವೆಟರು ಒಂದರ ಮೇಲೊಂದು,
ಕುದುರೆಯ ಜೀನು ಎದೆಗವುಚಿಕೊಂಡು
ನಿಂತಿದ್ದಾಳೆ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ.
ಹಳೇ ಕಾಲದ್ದು, ಮುಳ್ಳಿನದು.
"ಬನ್ನಿ, ಯಾವ ಮಹಡಿ?" ಅಂದಳು
ತನ್ನದೇ ಮನೆಯೆಂಬಂತೆ.

ಕೆರಿನ್ ಟಲ್ಲಿ. ಜಾಕಿ. ಇವತ್ತು ಮಧ್ಯಾಹ್ನ ನಾಲ್ಕನೇ ರೇಸು.
ಜೀನು ಸೇರಿ ಐವತ್ತನಾಲ್ಕು ಇರಬೇಕು,
ಐವತ್ತೈದೂವರೆ ಇದ್ದಾಳೆ.
ಎರಡು ದಿನದಿಂದ ಬಾಯಿ ಮುಕ್ಕಳಿಸಿದ್ದೇ ಊಟ.

"ನೋಡ್ತಿರಿ" ಅಂದಳು ಹನ್ನೆರಡರಲ್ಲಿ,
ಕೆಳಗಿನ ಗುಂಡಿ ಒತ್ತಿದಳು.
ನನ್ನ ಹೊಟ್ಟೆ ಒಂದು ಕ್ಷಣ ಮೇಲೆಯೇ ಉಳಿಯಿತು.
ಮುಳ್ಳು ಹಿಂದಕ್ಕೆ ಬಿತ್ತು: ಐವತ್ತು!
ಎರಡು ಸಲ ಕಣ್ಣು ಮಿಟುಕಿಸುವಷ್ಟು ಹೊತ್ತು
ನೀವು ಅವಳ ಮುಖ ನೋಡಬೇಕಿತ್ತು.

ಆಮೇಲೆ ಹತ್ತು, ಒಂಬತ್ತು, ಎಂಟು,
ವೇಗ ಒಂದೇ ಸಮ.
ಮುಳ್ಳು ಐವತ್ತೈದೂವರೆಗೆ ಬಂದು ಕೂತಿತು
ಮನೆಗೆ ಮರಳಿದ ಬೆಕ್ಕಿನಂತೆ.
ಇಪ್ಪತ್ತಾರು ವರ್ಷ ಹಗ್ಗ ಬಿಗಿದವನು ನಾನು,
ಕಣ್ಣು ಮುಚ್ಚಿದರೆ ಆ ನಡುವಿನಲ್ಲಿ
ಇಳಿಯುತ್ತಿದ್ದೇವೋ ನಿಂತಿದ್ದೇವೋ
ನನಗೂ ಹೇಳಲಾಗದು.

ನೆಲ ಹತ್ತಿರವಾಯಿತು, ಮೊಣಕಾಲಿಗೆ ಭಾರ ಬಂತು.
ಕೊಟ್ಟ ಕೈಯೇ ಕಿತ್ತುಕೊಂಡಿತು: ಅರವತ್ತೊಂದು.
"ಇದನ್ನ ನಾನು ನೋಡಲ್ಲ" ಕಣ್ಣು ಮುಚ್ಚಿಕೊಂಡಳು.
ಮುಚ್ಚಿಕೊಂಡೇ ಕೇಳಿದಳು, "ಹಗ್ಗ ಹರಿದರೆ ಎಷ್ಟು?"
"ಸೊನ್ನೆ. ಆದರೆ ಹರಿಯೋಲ್ಲ.
ಆರು ಹಗ್ಗ ಇವೆ, ಹೊರೋಕೆ ಒಂದು ಸಾಕು."
ಸ್ವಲ್ಪ ಬೇಸರವಾದಂತೆ ಕಂಡಿತು.

"ಓಡುವಾಗ ನಾವು ಜೀನಿನ ಮೇಲೆ ಕೂರೋದೇ ಇಲ್ಲ, ಗೊತ್ತಾ?
ಕುದುರೆ ಏಳುತ್ತೆ, ಬೀಳುತ್ತೆ,
ನಾವು ಮೊಣಕಾಲು ಮಡಿಸಿ ಬಿಚ್ಚಿ
ಒಂದೇ ಮಟ್ಟದಲ್ಲಿ ತೇಲ್ತೀವಿ.
ಆಗ ನಾನೆಷ್ಟು ತೂಕ ಅಂತ
ಕುದುರೇನ ಯಾರೂ ಕೇಳಲ್ಲ."

ನನ್ನ ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ.
ವಾಸನೆ ಅವಳಿಗೆ ತಾಗಿತ್ತು.
ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿ ಹೊರಬಂದೆ,
ಗೋಡೆಗೆ ಪುಸ್ತಕವೊತ್ತಿ ಬರೆದೆ:
ಲಿಫ್ಟ್ ಎರಡು. ದೋಷವಿಲ್ಲ.

ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.
ಸಂದಿಯಲ್ಲಿ ಕಂಡದ್ದಿಷ್ಟು:
ಹನ್ನೆರಡು ಒತ್ತಿದಳು,
ಏರುವ ಮೊದಲ ಭಾರಕ್ಕೆಂದು
ಪಾದ ಅಗಲಿಸಿ, ಜೀನು ಬಿಗಿಹಿಡಿದು ನಿಂತಳು.