ದೀಪದ ಬುಡ

ತಾಯಲಂಗಾಡಿಯಲ್ಲಿ, ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆ.
ಶನಿವಾರ, ಎಂಟು ಗಂಟೆ. ಮೈದಾ ಅಂಟಿನ ವಾಸನೆ.
ಹಗಲೆಲ್ಲ ಕೆಳಗೆ ರಿಜಿಸ್ಟರುಗಳಿಗೆ ಬೆನ್ನು ಹೊಲಿಯುತ್ತೇನೆ,
ರಾತ್ರಿ ಮೇಲೆ ಬಂದು ಇಲ್ಲದ ಊರೊಂದನ್ನು ಬಿಚ್ಚುತ್ತೇನೆ.
ಮೂವರು ಬರುತ್ತಾರೆ: ತಳಂಗರೆಯ ಅಶೀರ್,
ಬೇಳದ ಡೊಲ್ಫಿ ಕ್ರಾಸ್ತಾ,
ಲ್ಯಾಬಿನಿಂದ ನೇರ ಓಡಿ ಬರುವ ವಿನೀಷಾ.
ಗೇಮ್ ಮಾಸ್ಟರ್ ಎನ್ನುವುದು ಉದ್ದವಾಯಿತೆಂದು
ಮಾಷೇ ಅನ್ನುತ್ತಾರೆ. ಒಪ್ಪಿಕೊಂಡಿದ್ದೇನೆ.

ಕಥೆ ಇಷ್ಟು: ಹೊಳೆಬಾಯಿಯಲ್ಲಿ ಒಂದು ದೀಪಸ್ತಂಭ.
ಅಮಾವಾಸ್ಯೆಗೆ ಆರುತ್ತದೆ. ಆರಿದ ಹೊತ್ತಿಗೆ ದೋಣಿ ಬರುತ್ತದೆ.
ಆರಿಸುವವರು ಯಾರು?
ಎಣ್ಣೆಯ ಲೆಕ್ಕದ ಹಾಳೆಯೊಂದನ್ನು ಹರಿದು,
ನಾಲ್ಕು ಮಡಿಕೆ ಮಡಚಿ,
ದೀಪದ ಬುಡದಲ್ಲಿ ಇಟ್ಟಿದ್ದೆ.
ದೀಪದ ಬುಡದಲ್ಲಿ ಕತ್ತಲೆ, ಎರಡನೇ ಕ್ಲಾಸಿನ ಮಕ್ಕಳಿಗೂ ಗೊತ್ತು,
ಯಾರಿಗೆ ತಾನೇ ಹೊಳೆಯದು ಎಂದು
ನನ್ನ ಜಾಣತನಕ್ಕೆ ನಾನೇ ಒಂದು ಗ್ಲಾಸು
ಕಟ್ಟಂಚಾಯ ಕೊಡಿಸಿಕೊಂಡಿದ್ದೆ.

ಮೂರು ಶನಿವಾರ.
ಮೆಟ್ಟಿಲೇರಿದರು, ನೂರ ಹನ್ನೆರಡು ಎಂದು ಎಣಿಸಿದರು,
ಗಾಜು ಒರೆಸಿದರು, ಬತ್ತಿ ಮೂಸಿದರು.
ಡೊಲ್ಫಿ ದೀಪಕ್ಕೆ ಒರಗಿ ನಿಂತ.
ಒರಗಿ ನಿಂತ, ಮಾರಾಯರೇ!
ಆ ಚೀಟಿ ನನ್ನ ನಾಲಗೆಯ ತುದಿಗೆ ಬಂದು
ಹಲ್ಲಿಗೆ ತಾಗಿ ವಾಪಸು ಹೋಯಿತು.

"ಕಿಟಕಿಯಾಚೆ ಎಂತ ಉಂಟು?" ಕೇಳಿದಳು ವಿನೀಷಾ.
ಏನೂ ಇರಲಿಲ್ಲ. ನಾನು ಬರೆದಿರಲಿಲ್ಲ.
ಬಾಯಿಗೆ ಬಂದದ್ದು, ಮೀನು ಮಾರುವ ಒಬ್ಬಳು.
ಹೆಸರು? ಚಿರುತೆ. ಕೈಯಲ್ಲಿ? ಬಕೆಟ್. ಬಣ್ಣ? ನೀಲಿ.
ಒಂದುಸಿರಿನ ಹೆಂಗಸು.
ಅವಳನ್ನೇ ಹಿಡಿದುಕೊಂಡರು.
ನೀಲಿಯೇ ಯಾಕೆ? ರಾತ್ರಿ ಮೀನು ಮಾರುವವರುಂಟೆ?
ಬಕೆಟ್ ಮಗುಚಿದರೆ ಅದು ದೋಣಿಯವರಿಗೆ ಗುರುತು!
ಅಶೀರ್ ಅವಳ ಹೆಸರಿನಡಿ ಎರಡು ಗೆರೆ ಎಳೆದ.
ಅವರ ತರ್ಕ ನನ್ನದಕ್ಕಿಂತ ಚೆನ್ನಾಗಿತ್ತು. ಅದೇ ತೊಂದರೆ.

ಈಗ ನನಗೆ ಸುಲಭ.
ನಾನು ಹೇಳುವ ತನಕ ದೀಪದ ಬುಡದಲ್ಲಿ ಏನೂ ಇಲ್ಲ.
ಹಾಳೆ ಅವಳ ಸೆರಗಿನ ಗಂಟಿಗೆ ಹೋಗಬಹುದು,
ಎಣ್ಣೆ ಕದ್ದವಳು ಅವಳೇ ಆಗಬಹುದು.
ಕುಣಿದಾರು: ಮಾಷೇ, ನಮಗೆ ಮೊದಲೇ ಗೊತ್ತಿತ್ತು!
ನಿಜಕ್ಕೂ ಕದ್ದ ಕಾರಕೂನ
ನನ್ನ ನೋಟುಬುಕ್ಕಿನ ಹದಿನಾಲ್ಕನೇ ಪುಟದಲ್ಲಿ
ಮೀಸೆ ತಿರುವುತ್ತ ಕೂತಿದ್ದಾನೆ.

ಕರೆಂಟು ಹೋಯಿತು.
"ಚಿರುತೆಯನ್ನು ಹಿಡಿದು ಕೇಳುತ್ತೇವೆ."
ಮೊಬೈಲಿನ ಬೆಳಕಲ್ಲಿ ಇಪ್ಪತ್ತು ಮುಖದ ದಾಳ ಉರುಳಿತು.
ಹತ್ತೊಂಬತ್ತು. ಇನ್ನು ಅವಳು ಬಾಯಿ ಬಿಡಲೇಬೇಕು.
ಎಂತ ಹೇಳಿಸಲಿ?
ಕಾಲು ಗಂಟೆಯ ಹಿಂದೆ ಹುಟ್ಟಿದವಳು
ಬಕೆಟಿಗೆ ಕೈ ಅದ್ದಿ, ನನಗೆ ಕಾಯದೆ, ಅಂದಳು:
"ಬೂತಾಯಿ ಉಂಟು, ಬೇಕಾದರೆ ತಗೊಳ್ಳಿ.
ಹಗಲು ಉಳಿದದ್ದನ್ನು ರಾತ್ರಿ ಮಾರುತ್ತೇನೆ.
ದೀಪ ಆರಿದರೆ ನಷ್ಟ ನನಗೇ,
ಚಿಲ್ಲರೆ ಎಣಿಸುವುದು ಅದರ ಬೆಳಕಲ್ಲಿ.
ಊರಿಗೆಲ್ಲ ಬೀಳುತ್ತದೆ, ಅದರ ಬುಡಕ್ಕೊಂದು ಬೀಳುವುದಿಲ್ಲ, ನೋಡಿ."

ಕತ್ತಲಲ್ಲಿ ಯಾರೂ ಉಸಿರೆತ್ತಲಿಲ್ಲ.
ಆಮೇಲೆ ಡೊಲ್ಫಿ:
"ಬೂತಾಯಿ ಕಿಲೋಗೆ ಎಷ್ಟು?"

ಚೌಕಾಸಿ ಅರ್ಧ ಗಂಟೆ.
ಅಷ್ಟರಲ್ಲಿ ದೀಪ ಆರಿತು, ದೋಣಿ ಬಂತು, ಹೋಯಿತು.
ನಾನು ತಡೆಯಲಿಲ್ಲ.
ಚಿರುತೆಯೂ ತಲೆ ಎತ್ತಲಿಲ್ಲ, ತೂಗುತ್ತಿದ್ದಳು.

ಹೋಗುವಾಗ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುತ್ತ ಡೊಲ್ಫಿ,
"ಮಾಷೇ, ಆ ದೀಪದ ಹತ್ತಿರ ಏನಾದರೂ ಇತ್ತಾ?"
"ಯಾವ ದೀಪ?" ಅಂದೆ.

ಸುಳಿವನ್ನು ನಾನು ಪೆನ್ಸಿಲಲ್ಲೇ ಬರೆಯುವುದು.
ರಬ್ಬರ್ ತೆಗೆದು ಜಾಗದ ಹೆಸರು ಮಾತ್ರ ಉಜ್ಜಿದೆ.
ಹಾಳೆ ಉಳಿಯಿತು, ನಾಲ್ಕು ಮಡಿಕೆ,
ಎಲ್ಲಿಯೂ ಇಡದೆ.

ಒಂದು ಕಿಲೋ ಬೂತಾಯಿಯನ್ನು
ಅವಳು ಯಾವ ಕಾಗದದಲ್ಲಿ ಸುತ್ತಿ ಕೊಟ್ಟಳು
ಎಂದು ಅವರಿನ್ನೂ ಕೇಳಿಲ್ಲ.