ಚೀಟಿ ಇಲ್ಲದೆ

ಬೇಲೆಕೇರಿ ಬಂದರದ ತಿರುವಿನಲ್ಲಿ ನನ್ನದೊಂದು ಮೆಡಿಕಲ್ಲು.
ಗಾಜಿನ ಮೇಲೆ ಉಪ್ಪುಗಾಳಿ ಕೂತು
ಎಷ್ಟು ಒರೆಸಿದರೂ ಮಸುಕು.
ಒಳಗೆ ನಾನು, ಕಿರುಗುಟ್ಟುವ ಫ್ಯಾನು,
ಹಿಂದಿನ ಕಪಾಟಿನಲ್ಲಿ ಬೀಗ ಹಾಕಿದ ಒಂದು ಖಾನೆ.

ಬೀಗ ಮೊದಲು ಇರಲಿಲ್ಲ.

ಮೊದಲು ಬಾಯಿಮಾತೇ ಚೀಟಿ.
"ಬೆನ್ನು ಹಿಡದದೆ ಮಾರಾಯಾ,
ಮೊನ್ನೆದೇ ಕೊಡು, ಆ ಹಳದಿ ಗುಳಿಗೆ."
ನಸುಕಿಗೆ ಬಲೆ ಎಳೆದ ಬೆನ್ನು, ಐಸು ಹೊತ್ತ ಹೆಗಲು,
ಬೋಟಿನ ಮೇಲೆ ಎಂಟು ದಿನ ಮುಚ್ಚದ ಕಣ್ಣು,
ಯಾರಿಗೆ ಇಲ್ಲವೆನ್ನಲಿ?
ಡಾಕ್ಟರು ಅಂಕೋಲೆಯಲ್ಲಿ, ಬಸ್ಸು ಹನ್ನೊಂದಕ್ಕೆ,
ಹೋಗಿಬಂದರೆ ಆ ದಿನದ ಪಾಲು ಹೋಯಿತು.
ಅಡ್ಡಿಲ್ಲ, ಎಂದೆ. ಕತ್ತರಿಯಲ್ಲಿ ನಾಲ್ಕು ಕತ್ತರಿಸಿ ಕೊಟ್ಟೆ.
ನಮ್ಮ ಕಡೆ ಅಡ್ಡಿಲ್ಲ ಎನ್ನುವುದು ದೊಡ್ಡ ಮಾತಲ್ಲ.
ಚಾ ಕುಡಿಯೂಕೂ ಅಡ್ಡಿಲ್ಲ, ಹೆಣ್ಣು ಒಪ್ಪಿದರೂ ಅಡ್ಡಿಲ್ಲ.

ಪುರ್ಸು ಹರಿಕಂತ್ರನಿಗೂ ಅದೇ ಅಂದದ್ದು.
ನಾಲ್ಕು ಎಂಟಾಯಿತು, ಎಂಟು ಪಟ್ಟಿಯಾಯಿತು.
ಬೆನ್ನು ಬಿಟ್ಟ ಮೇಲೂ ಬಂದ.
"ತಕಣದೆ ಇದ್ರೆ ಕೈ ನಡುಗ್ತದೆ" ಎಂದು ನಕ್ಕ.
ನಾನೂ ನಕ್ಕೆ.
ಬಾಕಿ ಪುಸ್ತಕದಲ್ಲಿ ಬರೆದುಕೊಂಡೆ.

ಬೋಟು ದಡ ಹತ್ತಿದ ಜೂನಿನ ವಾರ.
ಹಳದಿ ಗುಳಿಗೆ, ಅದರ ಮೇಲೆ ಸಾರಾಯಿ,
ಅದರ ಮೇಲೆ ತಾಯಿಯ ಡಬ್ಬಿಯಿಂದ ನಿದ್ದೆ ಮಾತ್ರೆ.
ಅವನ ಹೆಂಡತಿ ತುಳಸು ಆಮೇಲೆ ಹೇಳಿದ್ದು:
"ಗೊರಕೆ ಹೊಡೀತಿದ್ರು.
ಇಂಥಾ ನಿದ್ದೆ ಬಂದು ಎಷ್ಟು ಕಾಲ ಆಯ್ತು ಅಂತ
ದೀಪ ಆರ್ಸಿ, ಮಕ್ಕಳಿಗೆ ಗದ್ದಲ ಮಾಡಬೇಡಿ ಅಂದೆ."

ಅದು ಗೊರಕೆಯಲ್ಲ.
ಮುಚ್ಚುತ್ತಿರುವ ಗಂಟಲಲ್ಲಿ ಉಸಿರು
ದಾರಿ ತಡಕಾಡುವ ಸದ್ದು.
ಬೆಳಗಿಗೆ ಅವನ ತುಟಿ
ನೈಲಾನ್ ಬಲೆಯ ನೀಲಿ.

ಯಾರೂ ನನ್ನ ಬೈಯಲಿಲ್ಲ.
ಅವನ ತಾಯಿ ಈಗಲೂ ಬಿಪಿ ಮಾತ್ರೆಗೆ ಬರುತ್ತಾಳೆ,
ನಾನು ಕೇಳುವ ಮೊದಲೇ
ಮಡಿಕೆ ಬಿಚ್ಚಿ ಚೀಟಿ ಹಾಸುತ್ತಾಳೆ ಗಾಜಿನ ಮೇಲೆ.

ಆಶಾ ಮಾದೇವಿ ಒಂದು ದಿನ ಪೇಂಟಿನ ಖಾಲಿ ಬಕೆಟ್ ತಂದು
ಮುಚ್ಚಳಕ್ಕೆ ತೂತು ಕೊರೆದು ನನ್ನ ಮೆಟ್ಟಿಲಲ್ಲಿಟ್ಟಳು.
"ನಿನ್ನ ಅಂಗಡಿಗಿಂತ ಹೆಚ್ಚು ಮದ್ದು
ಮನೆಗಳ ಗೂಡಿನಲ್ಲಿ ಅದೆ. ಉಳಿದದ್ದು ಇದ್ರಲ್ಲಿ ಬೀಳಲಿ."
ಮೀನು ಒಣಗಿಸುವ ಹೆಂಗಸರ ನಡುವೆ ಕುಕ್ಕರುಗಾಲಲ್ಲಿ ಕೂತು
ಅವಳು ಹೇಳುವುದು ನನಗೆ ಬಾಯಿಪಾಠ:
ಕರೆದರೆ ಏಳದಿದ್ದರೆ, ಅಲುಗಿಸಿದರೂ ಏಳದಿದ್ದರೆ
ಮಲಗಲಿ ಪಾಪ ಅನ್ನಬೇಡಿ,
ಮಗ್ಗುಲಿಗೆ ಹೊರಳಿಸಿ, ನೂರಾ ಎಂಟಕ್ಕೆ ಫೋನು ಮಾಡಿ,
ಎಂತ ನುಂಗಿದ್ದು ಅಂತ ಮುಚ್ಚಿಡಬೇಡಿ,
ಮರ್ಯಾದೆ ಆಮೇಲೆ ನೋಡುವಾ.

ಬೆಳಸೆಯಿಂದ ಗಿಡ್ಡಿ ಗೌಡ್ತಿ ಬಂದಳು,
ಕೊರಳ ತುಂಬ ಮಣಿಸರ, ಸೆರಗಿನ ಗಂಟಿನಲ್ಲಿ
ಚಿಲ್ಲರೆಯ ಜೊತೆ ಹನ್ನೊಂದು ಗುಳಿಗೆ.
"ನಮ್ಮೋರು ಹೋದ್ರು, ಇದು ಉಳೀತು. ಎಷ್ಟ್ ಕೊಡ್ತೆ?"
ಕಾಸಿಲ್ಲ ಅಮ್ಮಾ, ಬಕೆಟ್ಟಿಗೆ ಹಾಕು.
"ಹಂಗಾರೆ ಎಂತಕ್ಕೆ ಕೊಡೂದು? ದುಡ್ಡು ಕೊಟ್ಟಿದ್ದಲ್ವಾ?"
ನಾನು ಏನು ಹೇಳಲಿ.
ಒಂದು ಸೋಪು ಕೊಟ್ಟೆ.
ಮೂಸಿ ನೋಡಿದಳು, ಬೇರೆ ವಾಸನೆಯದು ಕೇಳಿದಳು.
ಹನ್ನೊಂದೂ ಒಂದೊಂದಾಗಿ ತೂತಿನೊಳಗೆ ಬಿಟ್ಟಳು,
ಬೀಜ ಊರುವವಳ ಹಾಗೆ ಎಣಿಸುತ್ತ.

ಎಲ್ಲರೂ ಗಿಡ್ಡಿಯಲ್ಲ.
ನಿನ್ನೆ ಶಟರು ಅರ್ಧ ಇಳಿಸಿದಾಗ ಒಬ್ಬ ಹುಡುಗ,
ಕೈಯಲ್ಲಿ ಐನೂರರ ನೋಟು, ಕಣ್ಣಲ್ಲಿ ಪುರ್ಸು.
ಚೀಟಿ ಎಲ್ಲಿ? ಎಂದೆ.
ಅವ್ವನ ಹೆಸರೆತ್ತಿ ಬೈದ. ಶಟರಿಗೆ ಒದ್ದ.
"ನೀ ಕೊಡದಿದ್ರೆ ಅಂಕೋಲೆಯಲ್ಲಿ ಸಿಗ್ತದೆ."
ಸಿಗ್ತದೆ. ನನಗೂ ಗೊತ್ತು.
ಮಾದೇವಿಯ ನಂಬರು ಬರೆದು ಕೊಟ್ಟೆ, ಹರಿದು ಬಿಸಾಡಿದ.
ಹೆಸರು ಕೇಳಿದೆ, ಹೇಳಲಿಲ್ಲ.

ರಾತ್ರಿ ಮನೆಯಲ್ಲಿ
ಪಕ್ಕದ ಚಾಪೆಯಿಂದ ತಮ್ಮನ ಗೊರಕೆ.
ಎರಡರ ನಡುವಿನ ಮೌನ ಎಣಿಸುತ್ತೇನೆ.
ಎದ್ದು ಹೋಗಿ ಭುಜ ಅಲುಗಿಸುತ್ತೇನೆ.
"ಎಂತದಾ?" ಎಂದು ಸಿಡುಕುತ್ತಾನೆ.
ಎಂತಿಲ್ಲ, ಮಲಗು.